ಟೂಟ್ಸ್ ಹುಟ್ಟಿದ ಊರು, ಟೂಟ್ಸ್ ಹಾಡಿದ ಊರು

ಗುರುವಾರ, ಕಿಂಗ್‌ಸ್ಟನ್

ವಿಮಾನ ನಿಲ್ದಾಣದಿಂದ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ಗೆ ಬರುವ ರಸ್ತೆಯ ಎರಡೂ ಕಡೆ ನೀರು. ಪ್ಯಾಲಿಸಡೋಸ್ ಎಂಬ ಉದ್ದನೆಯ ಮರಳುಪಟ್ಟಿಯ ಮೇಲೆ ಹಾಕಿದ ರಸ್ತೆ ಅದು. ಒಂದು ಕಡೆ ಬಂದರು, ಇನ್ನೊಂದು ಕಡೆ ಕೆರಿಬಿಯನ್ ಸಮುದ್ರ, ದೂರದಲ್ಲಿ ಬ್ಲೂ ಮೌಂಟನ್ಸ್. ಗಾಡಿಗಳು ನಮ್ಮೂರಿನ ಹಾಗೆ ಎಡಗಡೆ ಓಡುತ್ತವೆ. ಅಮೆರಿಕದಲ್ಲಿ ನಾನಿರುವ ಅಟ್ಲಾಂಟಾದಲ್ಲಿ, ಕಾರಿನಲ್ಲಿ ನನ್ನ ಪಕ್ಕ ಕೂತು ಎದೆ ಹಿಡಿದುಕೊಳ್ಳುತ್ತಿದ್ದ ಅಕ್ಕ ಇಲ್ಲಿ ಆರಾಮಾಗಿ ಹಿಂದಕ್ಕೆ ಒರಗಿದಳು.

ಅಕ್ಕ ಮೈಸೂರಿನವಳು. ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾಳೆ. ರಜೆಗೆ ನನ್ನ ಮನೆಗೆ ಬಂದವಳಿಗೆ ನಯಾಗರಾ ತೋರಿಸುತ್ತೇನೆ ಅಂದೆ, ಬೇಡ ಅಂದಳು. ಡಿಸ್ನಿ ಅಂದೆ, ಮುಖ ಸಿಂಡರಿಸಿದಳು. "ನಿನ್ನ ಕಾರಲ್ಲಿ ಒಬ್ಬ ದಿನಾ ಗಂಟಲು ಕಿತ್ಕೊಂಡು ಹಾಡ್ತಾನಲ್ಲ, ಅವನ ಊರು ಎಲ್ಲೋ?" ಅಂತ ಕೇಳಿದಳು. ಜಮೈಕಾ ಅಂದೆ. ಮೂರು ಗಂಟೆ ಹಾರಿದರೆ ಬರುವ ಊರು. ಟಿಕೆಟ್ ಆಯಿತು.

ಹಾಗೆ ಹಾಡುವವನ ಹೆಸರು ಫ್ರೆಡರಿಕ್ ನಥಾನಿಯಲ್ ಹಿಬರ್ಟ್. ಲೋಕಕ್ಕೆಲ್ಲ ಟೂಟ್ಸ್. ಅವನ ತಂಡ 'ಟೂಟ್ಸ್ ಅಂಡ್ ದ ಮೇಟಲ್ಸ್'. ಜಮೈಕಾದ ರೆಗೆ ಸಂಗೀತ ಅಂದರೆ ನಮ್ಮಲ್ಲಿ ಬಾಬ್ ಮಾರ್ಲಿಯ ಮುಖ ಇರುವ ಟೀ ಶರ್ಟ್ ನೆನಪಾಗುತ್ತದೆ, ಅಲ್ಲಿಗೆ ಮುಗಿಯಿತು. ಆದರೆ 'ರೆಗೆ' ಎಂಬ ಪದವನ್ನು ಮೊದಲು ಹಾಡಿನ ಹೆಸರಿಗೆ ತಂದವನು ಟೂಟ್ಸ್. 1968ರ 'ಡು ದ ರೆಗೆ'. ಮಾರ್ಲಿ ಬಗ್ಗೆ ನನಗೆ ದೂರೇನಿಲ್ಲ. ಆದರೆ ಒಬ್ಬನ ಹೆಸರಿಗೇ ಎಲ್ಲ ದೀಪ ಹಾಕಿಬಿಟ್ಟರೆ ಪಕ್ಕದವನು ಕತ್ತಲಲ್ಲಿ ಉಳಿಯುತ್ತಾನೆ ಅಲ್ವಾ?

ನಮ್ಮ ಡ್ರೈವರ್ ಐವತ್ತು ದಾಟಿದ ಮನುಷ್ಯ, ಟೊಯೊಟಾ ಪ್ರೋಬಾಕ್ಸ್ ಓಡಿಸುತ್ತಾನೆ. ಈ ದೇಶದಲ್ಲಿ ಎಲ್ಲಿ ನೋಡಿದರೂ ಇದೇ ಗಾಡಿ. ಟೂಟ್ಸ್‌ಗಾಗಿ ಬಂದಿದ್ದೀವಿ ಅಂದಾಗ ಕನ್ನಡಿಯಲ್ಲಿ ನಮ್ಮನ್ನೇ ಒಂದು ಸಲ ನೋಡಿದ. "ಮಾರ್ಲಿ ಮ್ಯೂಸಿಯಂಗೆ ಅಲ್ವಾ?" ಅಂದ. ಅಲ್ಲ ಅಂದೆ. ರೇಡಿಯೋ ಆರಿಸಿ, ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಾ ತಾನೇ ಹಾಡಿದ. ಸಂಜೆ ಡೆವನ್ ಹೌಸ್‌ನಲ್ಲಿ ಐಸ್‌ಕ್ರೀಮ್ ತಿಂದೆವು. 1881ರ ಬಂಗಲೆ, ಮುಂದೆ ಉದ್ದನೆಯ ಕ್ಯೂ. ಐಸ್‌ಕ್ರೀಮ್ ಚೆನ್ನಾಗಿತ್ತು, ಅದರ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ.

ಶುಕ್ರವಾರ, ಆರೆಂಜ್ ಸ್ಟ್ರೀಟ್ ಮತ್ತು ಟ್ರೆಂಚ್‌ಟೌನ್

ಬೆಳಗ್ಗೆ ಅಕ್ಕನಿಗೆ ತಿಂಡಿಯ ಚಿಂತೆ. ಗೆಸ್ಟ್‌ಹೌಸ್‌ನವರು ಕಲಲೂ ತಂದಿಟ್ಟರು. ನೋಡಿದರೆ ನಮ್ಮ ಹರಿವೆ ಸೊಪ್ಪಿನ ಜಾತಿಯದೇ. ಈರುಳ್ಳಿ ಹಾಕಿ ಬಾಡಿಸಿದ್ದರು. ಜೊತೆಗೆ ಕೆಂಡದಲ್ಲಿ ಸುಟ್ಟ ಜೀಗುಜ್ಜೆ. "ಒಗ್ಗರಣೆ ಒಂದು ಬಿದ್ದಿದ್ರೆ ಮಂಗಳೂರು ಕಡೆ ಊಟಾನೇ" ಅಂತ ಹೇಳುತ್ತಾ ಎರಡು ಸಲ ಹಾಕಿಸಿಕೊಂಡಳು. ಜಮೈಕಾದ ಒಂದು ಧಾರ್ಮಿಕ ಪಂಥದವರಾದ ರಾಸ್ತಾಫಾರಿಗಳ 'ಐಟಲ್' ಊಟದಲ್ಲಿ ಮಾಂಸ ಇರುವುದಿಲ್ಲ ಎಂದು ತಿಳಿದ ಮೇಲಂತೂ ಅವಳಿಗೆ ಊರಿನ ಮೇಲೆ ಪೂರ್ತಿ ನಂಬಿಕೆ ಬಂತು.

ಆರೆಂಜ್ ಸ್ಟ್ರೀಟ್ ಒಂದು ಕಾಲಕ್ಕೆ 'ಬೀಟ್ ಸ್ಟ್ರೀಟ್'. 1960ರ ದಶಕದಲ್ಲಿ ಇಲ್ಲಿ ಸಾಲಾಗಿ ರೆಕಾರ್ಡ್ ಅಂಗಡಿಗಳು. ಗಾಯಕ ಪ್ರಿನ್ಸ್ ಬಸ್ಟರ್‌ದೊಂದು, ಲೆಸ್ಲಿ ಕಾಂಗ್‌ದೊಂದು. ಕಾಂಗ್ ಚೀನಾ ಮೂಲದ ಜಮೈಕನ್. ಅವನ 'ಬೆವರ್ಲೀಸ್' ಐಸ್‌ಕ್ರೀಮ್ ಅಂಗಡಿಯೂ ಹೌದು, ರೆಕಾರ್ಡ್ ಅಂಗಡಿಯೂ ಹೌದು. ಐಸ್‌ಕ್ರೀಮ್ ಮಾರುವವನಿಗೆ ಹುಡುಗರು ಬಂದು ಹಾಡು ಕೇಳಿಸಿ, ಅವನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ರೆಕಾರ್ಡ್ ಮಾಡಿಸುವುದು! ಜಿಮ್ಮಿ ಕ್ಲಿಫ್, ಡೆಸ್ಮಂಡ್ ಡೆಕರ್, ಇನ್ನೂ ಹುಡುಗನಾಗಿದ್ದ ಮಾರ್ಲಿ, ಎಲ್ಲರೂ ಅವನ ಬಾಗಿಲಿಗೆ ಬಂದವರೇ. ಈಗ ಆ ಬೀದಿಯಲ್ಲಿ ಮುಚ್ಚಿದ ಶಟರ್‌ಗಳೇ ಜಾಸ್ತಿ. ಗೋಡೆಗಳ ಮೇಲೆ ಗಾಯಕರ ಚಿತ್ರ, ಚಿತ್ರದ ಕೆಳಗೆ ಹಣ್ಣು ಮಾರುವವರು.

ಉಳಿದಿರುವ ಒಂದು ಅಂಗಡಿಗೆ ಹೊಕ್ಕೆವು. ಒಳಗೆ ಫ್ಯಾನ್ ಸದ್ದು, ಹಳೇ ರಟ್ಟಿನ ವಾಸನೆ. ಏಳು ಇಂಚಿನ ರೆಕಾರ್ಡ್‌ಗಳು ಗೋಡೆ ತುಂಬ. ನಡುವಿನ ತೂತು ದೊಡ್ಡದು, ಕವರ್ ಬರೀ ಕಂದು ಕಾಗದ. ಹೆಸರು ಹೇಳಿದರೆ ಅಂಗಡಿಯವನು ರೆಕಾರ್ಡನ್ನು ಅಂಗಿಯ ತುದಿಯಿಂದ ಒರೆಸಿ, ಮುಳ್ಳು ಇಟ್ಟು ಕೇಳಿಸುತ್ತಾನೆ. ಬೇಕಾದರೆ ತಗೋ, ಇಲ್ಲದಿದ್ದರೆ ಬಿಡು. ನಾನು '54-46' ಕೇಳಿದೆ.

ಆ ಹಾಡಿನ ಹಿಂದೆ ಜೈಲು ಇದೆ. 1966ರಲ್ಲಿ ಮೇಟಲ್ಸ್ ತಂಡ 'ಬ್ಯಾಮ್ ಬ್ಯಾಮ್' ಹಾಡಿ, ದೇಶದ ಮೊದಲ ಸ್ವಾತಂತ್ರ್ಯೋತ್ಸವ ಹಾಡಿನ ಸ್ಪರ್ಧೆಯನ್ನು ಗೆದ್ದಿತು. ಹೆಸರು ಬರುತ್ತಿದ್ದ ಹೊತ್ತಿನಲ್ಲೇ ಗಾಂಜಾ ಕೇಸಿನಲ್ಲಿ ಟೂಟ್ಸ್ ಒಳಗೆ ಹೋದ. ತನ್ನನ್ನು ಸಿಕ್ಕಿಸಿ ಹಾಕಿದರು ಅಂತ ಅವನ ಮಾತು. ಹೊರಗೆ ಬಂದವನು ಕಾಂಗ್ ಹತ್ತಿರ ಹೋಗಿ 1968ರಲ್ಲಿ ಈ ಹಾಡು ಮಾಡಿದ. ಕೈದಿಯ ನಂಬರೇ ಹಾಡಿನ ಹೆಸರು.

ಅಕ್ಕ ಇದನ್ನು ಕಾರಿನಲ್ಲಿ ಎಷ್ಟೋ ಸಲ ಕೇಳಿದ್ದಾಳೆ. ಆದರೆ ಆ ದೊಡ್ಡ ಸ್ಪೀಕರ್ ಎದುರು ನಿಂತು ಕೇಳುವುದು ಬೇರೆ. ಬೇಸ್ ಸದ್ದು ಕಿವಿಗೆ ಬರುವ ಮೊದಲು ಹೊಟ್ಟೆಗೆ ಬರುತ್ತದೆ. ಹಾಡಿನ ಮಧ್ಯೆ ಒಂದು ಜಾಗದಲ್ಲಿ ಟೂಟ್ಸ್ ಮಾತು ಬಿಟ್ಟು ಬರೀ ಸದ್ದು ಮಾಡಲು ಶುರು ಮಾಡುತ್ತಾನೆ. ಆಮೇಲೆ ವಾದ್ಯದವರಿಗೆ ಹೇಳುತ್ತಾನೆ, ಒಂದು ಪೆಟ್ಟು ಕೊಡಿ. ಕೊಡುತ್ತಾರೆ. ಎರಡು ಕೊಡಿ. ಎರಡು. ಹಾಗೇ ಏರಿಸುತ್ತಾ ಹೋಗುತ್ತಾನೆ. ಅಕ್ಕನ ಬಲಗೈ ತೊಡೆ ಮೇಲೆ ತಾಳ ಹಾಕುತ್ತಿತ್ತು. "ಇದು ಸಿನಿಮಾ ಹಾಡಿನ ಥರ ಅಲ್ಲ ಕಣೋ. ಭಜನೆ ಥರ. ಒಬ್ಬ ಎತ್ತಿಕೊಡ್ತಾನೆ, ಉಳಿದವರು ಹಿಡೀತಾರೆ. ಇವನಿಗೆ ದೇವಸ್ಥಾನದ ಅಭ್ಯಾಸ ಇದೆ" ಅಂದಳು.

ಅವಳಿಗೆ ಟೂಟ್ಸ್ ಚರ್ಚಿನ ಹುಡುಗ ಅಂತ ನಾನು ಆಗ ಇನ್ನೂ ಹೇಳಿರಲಿಲ್ಲ. ಹೇಳಿದ ಮೇಲೆ ಏನೂ ಆಶ್ಚರ್ಯಪಡದೆ ರೆಕಾರ್ಡಿಗೆ ದುಡ್ಡು ಕೊಟ್ಟಳು.

ಮಧ್ಯಾಹ್ನ ಟ್ರೆಂಚ್‌ಟೌನ್. ಕಲ್ಚರ್ ಯಾರ್ಡ್ ಅಂತ ಒಂದು ವಠಾರವನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ನಡುವೆ ಅಂಗಳ, ಸುತ್ತ ಒಂದೊಂದು ಕೋಣೆಯ ಮನೆ, ಎಲ್ಲರಿಗೂ ಒಂದೇ ನಲ್ಲಿ. ಹಳ್ಳಿಯಿಂದ ಬಂದ ಟೂಟ್ಸ್ ಈ ಬಡಾವಣೆಯಲ್ಲಿ ಅಣ್ಣನ ಜೊತೆ ಇದ್ದ, ಕ್ಷೌರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೆಲಸ ಮಾಡುತ್ತಾ ಹಾಡುವುದು ಅಭ್ಯಾಸ. ರ‍್ಯಾಲಿ ಗಾರ್ಡನ್, ಜೆರ‍್ರಿ ಮಥಾಯಸ್ ಜೊತೆಯಾದರು, 1962ರ ಸುಮಾರಿಗೆ ಮೂವರ ತಂಡವಾಯಿತು. ನಿರ್ಮಾಪಕ ಕಾಕ್ಸನ್ ಡಾಡ್‌ನ ಸ್ಟುಡಿಯೋ ಒನ್‌ನಲ್ಲಿ ಮೊದಲ ರೆಕಾರ್ಡ್‌ಗಳು. ಅವುಗಳಲ್ಲಿ ಒಂದು ಹಾಡಿನ ಸಾಹಿತ್ಯ ಏನು ಗೊತ್ತೇ? ಬೈಬಲ್‌ನ ಪುಸ್ತಕಗಳ ಹೆಸರಿನ ಪಟ್ಟಿ. ಆದಿಕಾಂಡ, ವಿಮೋಚನಕಾಂಡ, ಹೀಗೆ ಸಾಲಾಗಿ. ಹಿಂದೆ ಕುಣಿಯುವ ಸ್ಕಾ ತಾಳ, ರೆಗೆಗಿಂತ ಮೊದಲು ಇಲ್ಲಿ ಓಡುತ್ತಿದ್ದ ಶೈಲಿ. ಸುಮ್ನೆ ಪಟ್ಟಿ ಓದಿ ಜನರನ್ನು ಕುಣಿಸುವ ಗಂಟಲು ಎಂಥದ್ದಿರಬೇಕು!

ವಾಪಸ್ ಬರುವಾಗ ಸಬೀನಾ ಪಾರ್ಕ್ ಮುಂದೆ ಗಾಡಿ ನಿಲ್ಲಿಸಿದೆ. ಟೂಟ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಆದರೆ 2006ರಲ್ಲಿ ಬೌಲರ್‌ಗಳ ಸ್ವರ್ಗದಂತಿದ್ದ ಪಿಚ್ ಮೇಲೆ ದ್ರಾವಿಡ್ 81 ಮತ್ತು 68 ಹೊಡೆದು, ಕೊನೆಯಲ್ಲಿ ಕುಂಬ್ಳೆ ಆರು ವಿಕೆಟ್ ತೆಗೆದ ಮೈದಾನದ ಮುಂದೆ ಕನ್ನಡಿಗ ಸುಮ್ಮನೆ ಹಾದುಹೋಗುವುದು ಹೇಗೆ? ಡ್ರೈವರ್‌ಗೆ ಆ ಟೆಸ್ಟ್ ನೆನಪಿರಲಿಲ್ಲ, ಅಥವಾ ನೆನಪಿಟ್ಟುಕೊಳ್ಳಲು ಇಷ್ಟವಿರಲಿಲ್ಲ. ಬೆಂಗಳೂರು ಅಂದಾಗ ಮಾತ್ರ "ಗೇಲ್!" ಅಂತ ಕೂಗಿ ಹಾರ್ನ್ ಹೊಡೆದ.

ಶನಿವಾರ, ಮೇ ಪೆನ್

ಟೂಟ್ಸ್ ಹುಟ್ಟಿದ್ದು 1942ರ ಡಿಸೆಂಬರ್ 8ರಂದು, ಕ್ಲಾರೆಂಡನ್ ಸೀಮೆಯ ಮೇ ಪೆನ್‌ನಲ್ಲಿ. ಕಿಂಗ್‌ಸ್ಟನ್‌ನಿಂದ ಪಶ್ಚಿಮಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ಟೋಲ್ ರಸ್ತೆಯಲ್ಲಿ ಬೇಗ ಹೋಗಬಹುದು. ನಾವು ಸ್ಪ್ಯಾನಿಶ್ ಟೌನ್ ಮೇಲೆ ಹಳೇ ರಸ್ತೆ ಹಿಡಿದೆವು, ಓಲ್ಡ್ ಹಾರ್ಬರ್ ನೋಡಬೇಕಿತ್ತು.

ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಓಲ್ಡ್ ಹಾರ್ಬರ್ ಬೇ, ಮೀನುಗಾರರ ಊರು. 1845ರ ಮೇ 10ರಂದು ಭಾರತದಿಂದ ಕೂಲಿಗಳನ್ನು ತುಂಬಿಕೊಂಡು ಬಂದ ಮೊದಲ ಹಡಗು ನಿಂತದ್ದು ಇಲ್ಲೇ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗಳಿಗೆ ಕೈ ಬೇಕಿತ್ತು. ಬಂದವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಕ್ಲಾರೆಂಡನ್‌ನ ಕಬ್ಬಿನ ಗದ್ದೆಗಳಿಗೂ ಹೋದರು. ಟೂಟ್ಸ್‌ನನ್ನು ಜೈಲಿಗೆ ಕಳಿಸಿದ ಗಿಡವೂ, ಮದುವೆ ಮನೆಯ ಕರಿ ಗೋಟ್ ಊಟವೂ ಈ ದ್ವೀಪದಲ್ಲಿ ಬೇರು ಬಿಟ್ಟದ್ದು ಅವರಿಂದಲೇ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ದಡದಲ್ಲಿ ದೋಣಿಗಳನ್ನು ಎಳೆದು ಹಾಕಿದ್ದರು. ಬಿಸಿಲು ಜೋರಾಗಿತ್ತು. ಮರಗೆಣಸಿನ ಹಿಟ್ಟಿನ ರೊಟ್ಟಿ, ಬ್ಯಾಮಿ, ತೆಂಗಿನ ಹಾಲಲ್ಲಿ ನೆನೆಸಿ ಕರಿದು ಕೊಟ್ಟರು. ನನಗೆ ಮೀನು, ಅಕ್ಕನಿಗೆ ಬರೀ ಬ್ಯಾಮಿ.

ಮೇ ಪೆನ್ ಸಂತೆ ಊರು. ಸರ್ಕಲ್‌ನಲ್ಲಿ ಗಡಿಯಾರದ ಕಂಬ, ಸುತ್ತ ಕೂಗುವ ಟ್ಯಾಕ್ಸಿಯವರು, ಗೆಣಸಿನ ರಾಶಿ, ಮೊಬೈಲ್ ಕವರ್ ಅಂಗಡಿ. ಟೂಟ್ಸ್ ಹೆಸರಿನ ಏನಾದರೂ ಸಿಗುತ್ತದೇನೋ ಅಂತ ಸುತ್ತಿದೆವು. ನಮ್ಮ ಕಣ್ಣಿಗೆ ಏನೂ ಬೀಳಲಿಲ್ಲ. ಆದರೆ ಅಂದು ಶನಿವಾರವಾಗಿತ್ತು. ಟೂಟ್ಸ್‌ನ ಹೆತ್ತವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಬೋಧಕರು. ಆ ಪಂಥದವರಿಗೆ ಶನಿವಾರವೇ ಪ್ರಾರ್ಥನೆಯ ದಿನ. ಪಕ್ಕದ ರಸ್ತೆಯ ಒಂದು ಸಣ್ಣ ಚರ್ಚಿನಿಂದ ಹಾಡು ಕೇಳಿಸಿತು. ಬಾಗಿಲ ಹತ್ತಿರ ನಿಂತಿದ್ದ ಟೋಪಿ ಹಾಕಿದ ಹೆಂಗಸು ಅಕ್ಕನ ಕೈ ಹಿಡಿದು ಒಳಗೆ ಕೂರಿಸಿಯೇಬಿಟ್ಟರು. ಸೀರೆ ಉಟ್ಟ ಅಕ್ಕ ಹಿಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ಬೂಟಿನ ಮಣ್ಣು ಬಚ್ಚಿಡುತ್ತಾ ನಾನು.

ಮುಂದೆ ನಿಂತ ಗಂಡಸು ಒಂದು ಸಾಲು ಎತ್ತಿದ. ಸಭೆ ಅದನ್ನು ಹಿಡಿಯಿತು. ಅವನು ಮುಂದಿನ ಸಾಲಿಗೆ ಹೋಗಲಿಲ್ಲ, ಅದೇ ಸಾಲನ್ನು ಸ್ವಲ್ಪ ಎತ್ತರದಲ್ಲಿ ಹಾಡಿದ. ಕೊನೆಯ ಪದವನ್ನು ಎಳೆದು, ಮುರಿದು, ಗಂಟಲಿನಲ್ಲಿ ಉರುಳಿಸಿದ. ಚಪ್ಪಾಳೆ ಒಂದು, ಮೂರರ ಮೇಲೆ ಬೀಳಲಿಲ್ಲ. ಎರಡು, ನಾಲ್ಕರ ಮೇಲೆ ಬಿತ್ತು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು, ಏನೂ ಹೇಳಲಿಲ್ಲ. ಟೂಟ್ಸ್ ಈ ಚರ್ಚಿಗೆ ಬರುತ್ತಿದ್ದ ಅಂತ ನಾನೇನೂ ಹೇಳುತ್ತಿಲ್ಲ. ಮನೆಯ ಕಿರಿಮಗನಾಗಿ ಹುಟ್ಟಿ ಇಂಥ ಹಾಡಿನ ನಡುವೆ ಬೆಳೆದ ಹುಡುಗ ಅವನು. ಹನ್ನೊಂದು ವರ್ಷ ಆಗುವ ಹೊತ್ತಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಆಮೇಲೆ ಕಿಂಗ್‌ಸ್ಟನ್ ದಾರಿ.

ಅವನ 'ಸ್ವೀಟ್ ಅಂಡ್ ಡ್ಯಾಂಡಿ' 1969ರ ಉತ್ಸವದ ಸ್ಪರ್ಧೆ ಗೆದ್ದ ಹಾಡು. ಒಂದು ಹಳ್ಳಿ ಮದುವೆಯ ಕಥೆ. ವಧು ಕೋಣೆಯಲ್ಲಿ ಅಳುತ್ತಿದ್ದಾಳೆ, ತಾಯಿ ಕಣ್ಣೊರೆಸಿಕೋ ಅನ್ನುತ್ತಾಳೆ, ಹೊರಗೆ ಕೇಕಿನ ಖರ್ಚಿನ ಲೆಕ್ಕ. ಮೇ ಪೆನ್ ಸಂತೆಯಲ್ಲಿ ಓಡಾಡಿದ ಮೇಲೆ ಆ ಹಾಡಿನ ಜನ ನನಗೆ ಗುರುತು ಸಿಕ್ಕಿದರು. 1972ರ 'ದ ಹಾರ್ಡರ್ ದೇ ಕಮ್' ಸಿನಿಮಾದಲ್ಲಿ ಮೇಟಲ್ಸ್ ಸ್ಟುಡಿಯೋದಲ್ಲಿ ಹಾಡುವುದು ಇದನ್ನೇ. ನಾಯಕ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಾನೆ.

ವಾಪಸ್ ಬರುವಾಗ 'ಕಂಟ್ರಿ ರೋಡ್ಸ್' ಹಾಕಿದೆ. ಜಾನ್ ಡೆನ್ವರ್ 1971ರಲ್ಲಿ ಹಾಡಿದ, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಶೈಲಿಯ ಹಾಡು. ನಮ್ಮ ಕಾಲೇಜು ಹಾಸ್ಟೆಲ್‌ಗಳಲ್ಲಿ ಗಿಟಾರ್ ಹಿಡಿದವರೆಲ್ಲ ಹಾಡುತ್ತಿದ್ದದ್ದು. ಟೂಟ್ಸ್ ಅದನ್ನು 'ಇನ್ ದ ಡಾರ್ಕ್' ಆಲ್ಬಂಗೆ ತೆಗೆದುಕೊಂಡು ವೆಸ್ಟ್ ವರ್ಜೀನಿಯಾ ಇದ್ದ ಕಡೆ ವೆಸ್ಟ್ ಜಮೈಕಾ ಅಂದ. ನಕ್ಷೆ ನೋಡಿದರೆ ಮೇ ಪೆನ್ ಇರುವುದು ದ್ವೀಪದ ದಕ್ಷಿಣ ಮಧ್ಯದಲ್ಲಿ, ಪಶ್ಚಿಮ ಅನ್ನುವಂತಿಲ್ಲ. ಆದರೆ ಕಿಂಗ್‌ಸ್ಟನ್‌ನ ವಠಾರದಲ್ಲಿ ಕೂತವನಿಗೆ ಊರಿನ ದಾರಿ ಪಶ್ಚಿಮಕ್ಕೇ. ಡೆನ್ವರ್ ಹಾಡಿದ್ದು ರಜೆಯಲ್ಲಿ ಊರಿಗೆ ಹೋಗುವವನ ಹಾಗೆ. ಟೂಟ್ಸ್ ಹಾಡುವುದು ಹೋಗಲು ಮನೆಯೇ ಇಲ್ಲದವನ ಹಾಗೆ. ನನಗಂತೂ ಮೂಲಕ್ಕಿಂತ ಇದೇ ಇಷ್ಟ.

ಭಾನುವಾರ, ಗೆಸ್ಟ್‌ಹೌಸ್ ಜಗಲಿ

ಇವತ್ತು ಎಲ್ಲಿಗೂ ಹೋಗಲಿಲ್ಲ. ಆದರೂ ಈ ದಿನವೇ ಜಾಸ್ತಿ ಬರೆಯಬೇಕಾಗಿರುವುದು.

ಬೆಳಗ್ಗೆ ಎದ್ದಾಗ ಅಡುಗೆಮನೆಯ ರೇಡಿಯೋದಲ್ಲಿ ಜಿಮ್ ರೀವ್ಸ್. ಪಕ್ಕದ ಮನೆಯಲ್ಲಿ ಇನ್ಯಾವುದೋ ಕಂಟ್ರಿ ಹಾಡು. ನ್ಯಾಶ್‌ವಿಲ್‌ನಲ್ಲಿ ಇದ್ದೀವೋ ಕಿಂಗ್‌ಸ್ಟನ್‌ನಲ್ಲೋ ಅನ್ನುವಂತಾಯಿತು. ಜಮೈಕಾದ ಹಿರಿಯರಿಗೆ ಕಂಟ್ರಿ ಹಾಡೆಂದರೆ ಪ್ರಾಣ. ಜಿಮ್ ರೀವ್ಸ್, ಮಾರ್ಟಿ ರಾಬಿನ್ಸ್, ಸ್ಕೀಟರ್ ಡೇವಿಸ್, ಚಾರ್ಲಿ ಪ್ರೈಡ್. ಕಾರಣ ರೇಡಿಯೋ. ಇಲ್ಲಿ ಖಾಸಗಿ ಕೇಂದ್ರ ಶುರುವಾದದ್ದು 1950ರಲ್ಲಿ. ರಾತ್ರಿ ಹೊತ್ತು ಆಕಾಶ ತಿಳಿಯಾಗಿದ್ದರೆ ಮಯಾಮಿ, ನ್ಯೂ ಆರ್ಲಿಯನ್ಸ್, ನ್ಯಾಶ್‌ವಿಲ್ ಕೇಂದ್ರಗಳೂ ಸಮುದ್ರ ದಾಟಿ ಕೇಳಿಸುತ್ತಿದ್ದವು. ಒಂದೇ ಪೆಟ್ಟಿಗೆಯಿಂದ ಕರಿಯರ ರಿದಂ ಅಂಡ್ ಬ್ಲೂಸ್, ಬಿಳಿಯರ ಕಂಟ್ರಿ, ಚರ್ಚಿನ ಹಾಡು. ಅಮೆರಿಕದ ಅಂಗಡಿಯಲ್ಲಿ ಇವಕ್ಕೆ ಬೇರೆ ಬೇರೆ ಕಪಾಟು. ಟ್ರೆಂಚ್‌ಟೌನ್ ವಠಾರದಲ್ಲಿ ಯಾವ ಕಪಾಟು? ಹಾಗಾಗಿ ಟೂಟ್ಸ್ ಮೂರು ಶೈಲಿ ಬೆರೆಸಿದ ಅಂತ ಯಾರಾದರೂ ಬರೆದರೆ ನನಗೆ ಸ್ವಲ್ಪ ಕಿರಿಕಿರಿ. ಅವನ ಕಿವಿಗೆ ಅವು ಬೇರೆಯಾಗಿ ಬಂದಿರಲೇ ಇಲ್ಲ.

ಗೆಸ್ಟ್‌ಹೌಸ್ ತೋಟ ನೋಡಿಕೊಳ್ಳುವ ಅಜ್ಜನ ಹತ್ತಿರ ಗಿಟಾರ್ ಇತ್ತು. ಒಂದು ತಂತಿ ಇರಲಿಲ್ಲ. ಅಕ್ಕ ಜಗಲಿಯಲ್ಲಿ ತಾಳ ಹಾಕುತ್ತಾ ಕೂತಿದ್ದನ್ನು ನೋಡಿ ಪಕ್ಕ ಬಂದು ಕೂತ. ರೇಡಿಯೋದ ಹಾಡನ್ನೇ ನುಡಿಸಿದ. ಕಂಟ್ರಿ ನುಡಿಸುವ ರೀತಿ ಸರಳ. ಹೆಬ್ಬೆರಳು ದಪ್ಪ ತಂತಿಯನ್ನು ಮೀಟುತ್ತದೆ, ಧುಂ. ಆಮೇಲೆ ಉಳಿದ ಬೆರಳು ಸಣ್ಣ ತಂತಿಗಳ ಮೇಲೆ ಬೀಳುತ್ತವೆ, ಚಕ್. ಧುಂ ಚಕ್, ಧುಂ ಚಕ್. ಒಂದು, ಮೂರಕ್ಕೆ ಧುಂ; ಎರಡು, ನಾಲ್ಕಕ್ಕೆ ಚಕ್.

"ಈಗ ನೋಡಿ ಅಮ್ಮ" ಅಂತ ಅಜ್ಜ ಹೆಬ್ಬೆರಳನ್ನು ಎತ್ತಿಬಿಟ್ಟ. ಧುಂ ಹೋಯಿತು. ಚಕ್ ಮಾತ್ರ ಉಳಿಯಿತು. ಎಡಗೈ ಬೆರಳುಗಳನ್ನು ತಂತಿಯ ಮೇಲಿಂದ ಪೂರ್ತಿ ತೆಗೆಯದೆ ಒತ್ತು ಮಾತ್ರ ಸಡಿಲಿಸಿದ. ಸದ್ದು ಉದ್ದಕ್ಕೆ ಹರಿಯದೆ ಅಲ್ಲೇ ಕತ್ತರಿಸಿತು. ಸುಮ್ಮನೆ, ಚಕ್. ಸುಮ್ಮನೆ, ಚಕ್. ಅದೇ ಹಾಡು, ಅದೇ ಸ್ವರ, ರೆಗೆ ಆಗಿಹೋಯಿತು. ನಾವಿಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು.

ಅಕ್ಕ ಕೂಡಲೇ ಆದಿತಾಳದ ಪೆಟ್ಟು, ಎಣಿಕೆ ಶುರುಮಾಡಿದಳು. ಅಜ್ಜ ನುಡಿಸಿದ. ಎಲ್ಲ ಅನಾಗತ ಎಡುಪಿನಲ್ಲಿ ಬರುತ್ತಿದೆ ಎಂದು ಅವಳ ಲೆಕ್ಕ. ಸಮ, ಅಂದರೆ ತಾಳದ ಮೊದಲ ಪೆಟ್ಟು, ಖಾಲಿ ಬಿಡುತ್ತಾರೆ, ಆಮೇಲೆ ಹಿಡಿಯುತ್ತಾರೆ. "ಸಮದ ಮೇಲೆ ಯಾರೂ ಇಲ್ವಲ್ಲೋ, ಬೀಳಲ್ವಾ ಇವರು?" ಅಂತ ಕೇಳಿದಳು. ಅದನ್ನು ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಅಜ್ಜ ತನ್ನ ಹೊಟ್ಟೆ ಮುಟ್ಟಿ ತೋರಿಸಿ, ಬೇಸ್ ಇರುತ್ತದೆ ಅಂದ. ಗಿಟಾರ್ ಬಿಟ್ಟ ಜಾಗವನ್ನು ಬೇಸ್ ತುಂಬುತ್ತದೆ, ಅದೂ ತನಗೆ ಬೇಕಾದ ಕಡೆ.

ಕಂಟ್ರಿ ಹಾಡು ರೆಗೆಗೆ ಇಷ್ಟು ಸಲೀಸಾಗಿ ಹೊಂದುವುದು ಇದಕ್ಕೇ. ಇಬ್ಬರ ಚಕ್ ಒಂದೇ ಜಾಗದಲ್ಲಿದೆ. ಸೋಲ್, ಅಂದರೆ ಚರ್ಚಿನ ಹಾಡಿನಿಂದ ಬೆಳೆದ ಅಮೆರಿಕದ ಕರಿಯರ ಸಂಗೀತ, ಬಂದು ಕೂರುವುದು ಗಂಟಲಿನಲ್ಲಿ. ನಿನ್ನೆ ಚರ್ಚಿನಲ್ಲಿ ಒಂದೇ ಸಾಲನ್ನು ಎತ್ತೆತ್ತಿ ಹಾಡಿದನಲ್ಲ, ಆ ವಿದ್ಯೆ. ಟೂಟ್ಸ್‌ಗೆ ಅದು ಬಾಲ್ಯದಿಂದ ಬಂತು. ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡಿಂಗ್‌ಗೂ ಚರ್ಚಿನಿಂದಲೇ ಬಂತು. ಇಬ್ಬರನ್ನೂ ಹೋಲಿಸದ ವಿಮರ್ಶಕ ಇಲ್ಲ.

1971ರಲ್ಲಿ ಲೆಸ್ಲಿ ಕಾಂಗ್ ಹೃದಯಾಘಾತದಿಂದ ತೀರಿಕೊಂಡ. ಅದಾದ ಮೇಲೆ ಟೂಟ್ಸ್‌ನ ದಾರಿ ಹೊರಗಿನ ಲೋಕಕ್ಕೆ ತಿರುಗಿತು. 1973ರ 'ಫಂಕಿ ಕಿಂಗ್‌ಸ್ಟನ್', 1976ರ 'ರೆಗೆ ಗಾಟ್ ಸೋಲ್'. ಎರಡನೆಯದರ ಹೆಸರಲ್ಲೇ ಎಲ್ಲ ಹೇಳಿದ್ದಾನೆ. ಬ್ರಿಟನ್ನಿನ 'ದ ಹೂ' ರಾಕ್ ತಂಡದ ಅಮೆರಿಕ ಪ್ರವಾಸದಲ್ಲಿ ಮೊದಲು ಹಾಡುವ ಕೆಲಸವೂ ಸಿಕ್ಕಿತು. ರಾಕ್ ಕೇಳಲು ಬಂದ ಸಾವಿರಾರು ಜನರ ಎದುರು ರೆಗೆ ಹಾಡುವುದು ಸುಲಭವಲ್ಲ. 1980ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಪಲೈನಲ್ಲಿ ಹಾಡಿದ ಕಛೇರಿಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ರೆಕಾರ್ಡ್ ಮಾಡಿ ಅಂಗಡಿಗೆ ತಂದರು. ಅದನ್ನು ಕೇಳಿ. ಬೇರೆ ಯಾವುದೂ ಬೇಡ, ಮೊದಲು ಅದು. ಬೆವರು ಕೇಳಿಸುತ್ತದೆ.

ಸೋಮವಾರ, ಹೀರೋಸ್ ಪಾರ್ಕ್

ಸಂಜೆ ವಿಮಾನ. ಬೆಳಗ್ಗೆ ನ್ಯಾಷನಲ್ ಹೀರೋಸ್ ಪಾರ್ಕ್‌ಗೆ ಹೋದೆವು. ಹಿಂದೆ ಕುದುರೆ ರೇಸ್ ನಡೆಯುತ್ತಿದ್ದ ಮೈದಾನ. ಈಗ ಮಾರ್ಕಸ್ ಗಾರ್ವಿ, ನಾರ್ಮನ್ ಮ್ಯಾನ್ಲಿ ಮುಂತಾದ ದೇಶದ ನಾಯಕರ ಸಮಾಧಿ. ಗಾಯಕ ಡೆನ್ನಿಸ್ ಬ್ರೌನ್ ಇಲ್ಲಿದ್ದಾನೆ. ಟೂಟ್ಸ್ ಕೂಡ.

2020ರ ಆಗಸ್ಟ್ ಕೊನೆಗೆ ಅವನ 'ಗಾಟ್ ಟು ಬಿ ಟಫ್' ಆಲ್ಬಂ ಬಂತು. ಅದೇ ವರ್ಷ, 77ರ ವಯಸ್ಸಿನಲ್ಲಿ, 1966ರಲ್ಲಿ ಗೆದ್ದ ಅದೇ ಉತ್ಸವ ಹಾಡಿನ ಸ್ಪರ್ಧೆಗೆ ಮತ್ತೆ ನಿಂತಿದ್ದ. ಹೊಸ ಹುಡುಗರ ಜೊತೆ! ಸೆಪ್ಟೆಂಬರ್ 11ರಂದು ಕಿಂಗ್‌ಸ್ಟನ್ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಆಲ್ಬಂಗೆ 2021ರಲ್ಲಿ ಗ್ರ್ಯಾಮಿ ಬಂತು.

ಅಲ್ಲಿ ನಿಂತಾಗ ನಾನು ಅಕ್ಕನಿಗೆ ಬಾಟಲಿಯ ಕಥೆ ಹೇಳಿದೆ. 2013ರ ಮೇ ತಿಂಗಳು, ಅಮೆರಿಕದ ರಿಚ್ಮಂಡ್. ಟೂಟ್ಸ್ ವೇದಿಕೆ ಮೇಲಿದ್ದಾಗ ಹತ್ತೊಂಬತ್ತರ ಹುಡುಗನೊಬ್ಬ ವೋಡ್ಕಾ ಬಾಟಲಿ ಎಸೆದ. ತಲೆಗೆ ಬಿತ್ತು. ತಲೆಸುತ್ತು, ಹೆದರಿಕೆ, ಮರೆವು. ಕಛೇರಿಗಳೆಲ್ಲ ನಿಂತವು, ಮತ್ತೆ ವೇದಿಕೆ ಹತ್ತಿದ್ದು 2016ರಲ್ಲಿ. ಆ ಹುಡುಗನ ಕೇಸ್ ವಿಚಾರಣೆಗೆ ಬಂದಾಗ ಟೂಟ್ಸ್ ನ್ಯಾಯಾಧೀಶರಿಗೆ ಪತ್ರ ಬರೆದ. ತನ್ನ ಕಷ್ಟವನ್ನೆಲ್ಲ ಹೇಳಿಕೊಂಡ. ಆಮೇಲೆ, ಇವನು ಎಳೆಯ ಹುಡುಗ, ಜೈಲಿನಲ್ಲಿ ಇಂಥವರಿಗೆ ಏನಾಗುತ್ತದೆ ಎಂದು ಕೇಳಿದ್ದೇನೆ, ಅವನು ಅಲ್ಲಿಗೆ ಹೋದರೆ ನನ್ನ ನೋವು ಇನ್ನೂ ಹೆಚ್ಚುತ್ತದೆ, ದಯೆ ತೋರಿಸಿ ಎಂದ. ನ್ಯಾಯಾಧೀಶರು ಆರು ತಿಂಗಳು ಹಾಕಿದರು.

"ಐವತ್ತು ವರ್ಷ ಆದ್ರೂ ಆ ನಂಬರು ಮರೆತಿರಲಿಲ್ಲ ಅನ್ನು" ಅಂದಳು ಅಕ್ಕ. ಪಕ್ಕದಲ್ಲಿದ್ದ ಡ್ರೈವರ್‌ಗೆ ಈ ಕಥೆ ಗೊತ್ತಿತ್ತು. ತಾನಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ ಅಂತ ಸ್ಪಷ್ಟವಾಗಿ ಹೇಳಿದ.

ಮುಂದಿನ ಶನಿವಾರ, ಮೆಂಫಿಸ್

ಅಕ್ಕ ಮೈಸೂರಿಗೆ ಹೊರಡುವ ಮುಂಚೆ ಇದೊಂದು ಬಾಕಿ ಇತ್ತು, ಟೂಟ್ಸ್ ಬಂದು ಆಲ್ಬಂ ಮಾಡಿದ ಊರು. ಅಟ್ಲಾಂಟಾದಿಂದ ಆರು ಗಂಟೆ ಡ್ರೈವ್. ಬರ್ಮಿಂಗ್‌ಹ್ಯಾಮ್ ದಾಟಿ, ಎಲ್ವಿಸ್ ಹುಟ್ಟಿದ ಟುಪೆಲೊ ದಾಟಿ, ಮೆಂಫಿಸ್. ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಕಾಫಿ ಕೆಟ್ಟದ್ದು.

ಮೆಕ್‌ಲೆಮೋರ್ ಅವೆನ್ಯೂದಲ್ಲಿ ಸ್ಟ್ಯಾಕ್ಸ್ ಮ್ಯೂಸಿಯಂ ಇದೆ. ಓಟಿಸ್ ರೆಡಿಂಗ್ ಹಾಡಿದ ಸ್ಟುಡಿಯೋ ಇದ್ದ ಜಾಗ. ಹಳೇ ಸಿನಿಮಾ ಥಿಯೇಟರ್ ಒಂದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. 1989ರಲ್ಲಿ ಕಟ್ಟಡ ಕೆಡವಿದರು, ಆಮೇಲೆ ಅದೇ ಜಾಗದಲ್ಲಿ ಅದೇ ಥರ ಕಟ್ಟಿ 2003ರಲ್ಲಿ ಮ್ಯೂಸಿಯಂ ತೆರೆದರು. ಥಿಯೇಟರಿನ ಇಳಿಜಾರು ನೆಲವನ್ನೂ ಹಾಗೇ ಮಾಡಿದ್ದಾರೆ. ಒಳಗೆ ಹೋದ ಕೂಡಲೇ ಮೊದಲು ಸಿಗುವುದು ವಾದ್ಯವಲ್ಲ, ಕೋಟು ಬೂಟಲ್ಲ. ಒಂದು ಇಡೀ ಚರ್ಚು. ಮಿಸ್ಸಿಸಿಪ್ಪಿಯ ಹಳ್ಳಿಯೊಂದರಿಂದ ಬಿಚ್ಚಿ ತಂದು ಜೋಡಿಸಿದ, ಸುಮಾರು 1906ರ ಮರದ ಚರ್ಚು. ಅಕ್ಕ ಬೆಂಚಿನ ಮೇಲೆ ಕೂತಳು. "ಮೇ ಪೆನ್‌ದಕ್ಕಿಂತ ಇದು ಚಿಕ್ಕದು" ಅಂದಳು.

ಇನ್ನೊಂದು ವಿಷಯ ನನಗೆ ಖುಷಿ ಕೊಟ್ಟಿತು. ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿ ಶುರು ಮಾಡಿದ ಜಿಮ್ ಸ್ಟುವರ್ಟ್ ಕಂಟ್ರಿ ಸಂಗೀತದ ಪಿಟೀಲುಗಾರ. ಸೋಲ್ ಸಂಗೀತದ ದೊಡ್ಡ ಮನೆಗೆ ಬುನಾದಿ ಹಾಕಿದ್ದು ಕಂಟ್ರಿ ಪಿಟೀಲಿನವನು! ಸ್ಟ್ಯಾಕ್ಸ್ ಗಾಯಕ ಐಸಾಕ್ ಹೇಯ್ಸ್‌ನ ಚಿನ್ನದ ಕೆಲಸದ ಕ್ಯಾಡಿಲ್ಯಾಕ್ ಸುತ್ತ ಜನ ಸೆಲ್ಫಿ ತೆಗೆಯುತ್ತಿದ್ದರು. ನಾವು ಸ್ಟುವರ್ಟ್ ಫೋಟೋ ಮುಂದೆ ನಿಂತೆವು.

ಅಲ್ಲಿಂದ ಮ್ಯಾಡಿಸನ್ ಅವೆನ್ಯೂ, ಆರ್ಡೆಂಟ್ ಸ್ಟುಡಿಯೋ. ಹೊರಗಿನಿಂದ ಸಾದಾ ಕಟ್ಟಡ. ಕೆಲಸ ನಡೆಯುವ ಜಾಗ, ನಮ್ಮಂಥವರನ್ನು ಒಳಗೆ ಬಿಡಲಿ ಅಂತ ನಾನು ಕೇಳಲೂ ಇಲ್ಲ. 1988ರ 'ಟೂಟ್ಸ್ ಇನ್ ಮೆಂಫಿಸ್' ತಯಾರಾದದ್ದು ಇಲ್ಲಿ. ಜಿಮ್ ಡಿಕಿನ್ಸನ್ ನಿರ್ಮಾಪಕ. ಜಮೈಕಾದಿಂದ ಡ್ರಮ್ಸ್‌ಗೆ ಸ್ಲೈ, ಬೇಸ್‌ಗೆ ರಾಬಿ. ಮೆಂಫಿಸ್ ಕಡೆಯಿಂದ ಗಿಟಾರ್‌ಗೆ ಟೀನಿ ಹಾಜಸ್. ಸೋಲ್ ಗಾಯಕ ಅಲ್ ಗ್ರೀನ್ ಜೊತೆ 'ಲವ್ ಅಂಡ್ ಹ್ಯಾಪಿನೆಸ್' ಬರೆದವನೇ ಈ ಹಾಜಸ್. ಅದೇ ಹಾಡನ್ನು ಟೂಟ್ಸ್ ಹಾಡುವಾಗ ಮತ್ತೆ ಗಿಟಾರ್ ಹಿಡಿದ. ಓಟಿಸ್‌ನ ಹಾಡುಗಳೂ ಇವೆ.

ಕಟ್ಟಡದ ಎದುರು ಕಾರು ನಿಲ್ಲಿಸಿಕೊಂಡು ಆಲ್ಬಂ ಪೂರ್ತಿ ಕೇಳಿದೆವು. ಇಲ್ಲೇ ನಮಗೆ ಜಗಳ ಬಂದದ್ದು. ನನ್ನ ಪ್ರಕಾರ ಇದು ಅವನ ಶ್ರೇಷ್ಠ ಕೆಲಸವಲ್ಲ. ಎಂಬತ್ತರ ದಶಕದ ನುಣುಪು ಸದ್ದು, ಡ್ರಮ್ಸ್ ಸ್ವಲ್ಪ ತಣ್ಣಗೆ. ಆರೆಂಜ್ ಸ್ಟ್ರೀಟ್ ಸ್ಪೀಕರ್‌ನಲ್ಲಿ ಹೊಟ್ಟೆಗೆ ಬಿದ್ದ ಆ ಪೆಟ್ಟು ಇದರಲ್ಲಿಲ್ಲ. ಅಕ್ಕ ಒಪ್ಪಲಿಲ್ಲ. "ನಿನಗೆ ಪೆಟ್ಟು ಬೇಕು. ಅವನು ಇಲ್ಲಿ ಸಾಹಿತ್ಯ ಬಿಡಿಸಿ ಹಾಡ್ತಿದಾನೆ, ಕೇಳಿಸ್ಕೋ" ಅಂತ ಓಟಿಸ್ ಹಾಡನ್ನು ಹಿಂದಕ್ಕೆ ತಳ್ಳಿ ಮತ್ತೆ ಹಾಕಿದಳು. ಒಂದು ಪದದ ಮೇಲೆ ಅವನು ನಿಂತು, ಸ್ವರ ಸ್ವಲ್ಪ ಇಳಿಸಿ, ಮತ್ತೆ ಎತ್ತುವ ಜಾಗವನ್ನು ಬೆರಳೆತ್ತಿ ತೋರಿಸಿದಳು. ಅಲ್ಲಿ ಅವಳು ಹೇಳಿದ್ದು ಸರಿ. ಡ್ರಮ್ಸ್ ವಿಷಯದಲ್ಲಿ ನಾನು ಸೋತಿಲ್ಲ.

ರಾತ್ರಿ ಊಟಕ್ಕೆ ಹೋಗುವಾಗ 'ಟ್ರೂ ಲವ್' ಹಾಕಿದೆ. 2004ರ ಆಲ್ಬಂ, ಮರುವರ್ಷ ಗ್ರ್ಯಾಮಿ ಗೆದ್ದದ್ದು. ಹಳೇ ಹಾಡುಗಳನ್ನು ಟೂಟ್ಸ್ ಗೆಳೆಯರ ಜೊತೆ ಮತ್ತೆ ಹಾಡಿದ್ದಾನೆ. ಎರಿಕ್ ಕ್ಲಾಪ್ಟನ್, ಕೀತ್ ರಿಚರ್ಡ್ಸ್, ಬಾನಿ ರೇಟ್. ಮೊದಲ ಹಾಡು ಮಾತ್ರ ವಿಲಿ ನೆಲ್ಸನ್‌ದು, ವಿಲಿ ಜೊತೆಗೆ. ಕಂಟ್ರಿಯ ದೊಡ್ಡ ಹೆಸರು ವಿಲಿ ಮರುವರ್ಷ ತಾನೇ ಒಂದು ರೆಗೆ ಆಲ್ಬಂ ತಂದ, ಅದರಲ್ಲಿ ಟೂಟ್ಸ್‌ನನ್ನು ಕರೆದು ಜಾನಿ ಕ್ಯಾಶ್‌ನ ಹಾಡು ಹಾಡಿಸಿದ. ಕ್ಯಾಶ್‌ಗೆ ಜಮೈಕಾದ ಮಾಂಟೆಗೋ ಬೇ ಹತ್ತಿರ ಮನೆಯೇ ಇತ್ತು.

ವಿಲಿಯದು ಮೂಗಿನಲ್ಲಿ ಹಾಡುವ, ತಾಳಕ್ಕೆ ಸ್ವಲ್ಪ ಹಿಂದೆ ಮುಂದೆ ಓಡಾಡುವ ಗಂಟಲು. ಟೂಟ್ಸ್‌ನದು ಎದೆ. ಅಕ್ಕ ಎರಡು ಸಲ ಕೇಳಿದಳು. ವಿಲಿ ಯಾರು, ಎಲ್ಲಿಯವನು, ಇನ್ನೂ ಬದುಕಿದ್ದಾನಾ ಅಂತ ವಿಚಾರಿಸಿದಳು. ಟೆಕ್ಸಸ್ ಅಂದೆ. "ಮುಂದಿನ ವರ್ಷ ಅಲ್ಲಿಗೆ" ಅಂತ ಹೇಳಿ, ವೆಜ್ ಊಟ ಎಲ್ಲಿ ಸಿಗುತ್ತೆ ಅಂತ ಫೋನಿನಲ್ಲಿ ಹುಡುಕಲು ಶುರು ಮಾಡಿದಳು.